ಪುಸ್ತಕ ಮುಚ್ಚಿದ ಮೇಲೆ ಎಷ್ಟು ಉಳಿಯುತ್ತದೆ?

ಹೋದ ಜನವರಿಯಲ್ಲಿ ಅಕ್ಕನ ಮಗಳು ಗಣಿತದ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಈ ಸಲ ಎಸ್ಸೆಸ್ಸೆಲ್ಸಿ. ಎರಡು ದಿನ ಬಿಟ್ಟು ಶಾಲೆಯಲ್ಲಿ ಪ್ರಿಪರೇಟರಿ ಪರೀಕ್ಷೆ ಇತ್ತು. ಥೇಲ್ಸ್ ಪ್ರಮೇಯದ ಪುಟ ತೆಗೆದಳು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ ಅನ್ನುತ್ತದಲ್ಲ, ಅದು. ಹಳದಿ, ಗುಲಾಬಿ, ಹಸಿರು ಅಂತ ಮೂರು ಬಣ್ಣದಲ್ಲಿ ಗೆರೆ ಎಳೆದಿದ್ದಳು. ಗೆರೆ ಇಲ್ಲದ ಸಾಲು ಹುಡುಕುವುದೇ ಕಷ್ಟ.

"ಚಿಕ್ಕಮ್ಮ, ಇದನ್ನ ಎಂಟು ಸಲ ಓದಿದೀನಿ. ಪೂರ್ತಿ ಬರುತ್ತೆ" ಅಂದಳು.

ಪುಸ್ತಕ ಮುಚ್ಚಿಸಿ ಒಂದು ಖಾಲಿ ಹಾಳೆ ಕೊಟ್ಟೆ. ಎಬಿಸಿ ತ್ರಿಭುಜ ಬರೆದಳು, ಅದರೊಳಗೆ ಕೆಳಗಿನ ಬಾಹು ಬಿ-ಸಿಗೆ ಸಮಾಂತರವಾಗಿ ಡಿಇ ಗೆರೆ ಎಳೆದಳು. ದತ್ತ ಬರೆದಳು, ಸಾಧನೀಯ ಬರೆದಳು. ರಚನೆಗೆ ಎರಡು ಲಂಬ ಎಳೆದಳು. ಸಾಧನೆಯಲ್ಲಿ ಎರಡು ಅನುಪಾತ ಬರೆಯುವ ತನಕ ಸಲೀಸಾಗಿ ಬಂದಳು. ಅಲ್ಲಿ ಪೆನ್ನು ನಿಂತಿತು.

ಅಲ್ಲಿಂದ ಮುಂದಿನ ಹೆಜ್ಜೆ ಇಷ್ಟೇ. ಬಿಡಿಇ ತ್ರಿಭುಜ ಮತ್ತು ಸಿಇಡಿ ತ್ರಿಭುಜ, ಎರಡರ ವಿಸ್ತೀರ್ಣವೂ ಒಂದೇ. ಯಾಕೆ ಒಂದೇ? ಎರಡಕ್ಕೂ ಡಿಇ ಅನ್ನುವುದೇ ಪಾದ. ಎರಡೂ ಅದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ. ಇಡೀ ಪ್ರಮೇಯದ ಜೀವ ಇರುವುದೇ ಈ ಸಾಲಿನಲ್ಲಿ. ಉಳಿದದ್ದೆಲ್ಲ ಇಲ್ಲಿಗೆ ಬಂದು ಸೇರುವುದಕ್ಕೆ ಮಾಡಿಕೊಂಡ ದಾರಿ. ಅವಳಿಗೆ ಬರದೇ ಇದ್ದದ್ದು ಅದೊಂದೇ ಸಾಲು. ಆಮೇಲೆ ಪುಸ್ತಕ ತೆಗೆದು ನೋಡಿದರೆ, ಆ ಸಾಲಿಗೆ ಗುಲಾಬಿ ಬಣ್ಣ ಬಳಿದಿತ್ತು.

"ನೋಡಿದ್ರೆ ಎಲ್ಲ ಗೊತ್ತಿರುತ್ತೆ. ಮುಚ್ಚಿದ್ರೆ ಹೋಗುತ್ತೆ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ತಾನು ದಡ್ಡಿ ಅಂತ ಅವಳು ತಿಳಿದುಕೊಂಡಿದ್ದಳು. ಖಂಡಿತ ಅಲ್ಲ. ಅವಳು ಮಾಡಿದ ತಪ್ಪನ್ನು ನಾನೂ ಮಾಡಿದ್ದೆ, ನೀವೂ ಮಾಡಿರುತ್ತೀರಿ. ಯಾರೂ ನಮಗೆ ಇದನ್ನು ಬಿಡಿಸಿ ಹೇಳಿರುವುದಿಲ್ಲ ಅಷ್ಟೇ.

ಮದುವೆ ಮನೆಯಲ್ಲಿ ಒಬ್ಬರು ಎದುರಾಗುತ್ತಾರೆ. ಮುಖ ಚೆನ್ನಾಗಿ ಗೊತ್ತು. ಹೆಸರು ಮಾತ್ರ ಏನು ಮಾಡಿದರೂ ನಾಲಿಗೆಗೆ ಬರುವುದಿಲ್ಲ. ಶಾಲೆಯ ಪ್ರಾರ್ಥನೆಯನ್ನೇ ತೆಗೆದುಕೊಳ್ಳಿ. ಎಲ್ಲರ ಜೊತೆ ಹಾಡುವಾಗ ಕೊನೆಯವರೆಗೂ ಬರುತ್ತದೆ. ಒಬ್ಬರೇ ನಿಂತು ಹಾಡಿ ಅಂದರೆ ಎರಡನೇ ಚರಣಕ್ಕೇ ತಡವರಿಸುತ್ತೇವೆ. ಕಂಡಾಗ ಗುರುತು ಹಿಡಿಯುವುದು ಒಂದು ಕೆಲಸ. ಎದುರಿಗೆ ಏನೂ ಇಲ್ಲದಾಗ ಒಳಗಿಂದ ಎತ್ತಿ ತರುವುದು ಬೇರೆಯೇ ಕೆಲಸ. ಓದುವಾಗ ನಾವು ಮೊದಲನೆಯದನ್ನು ಅಭ್ಯಾಸ ಮಾಡುತ್ತೇವೆ. ಪರೀಕ್ಷೆ ಕೇಳುವುದು ಎರಡನೆಯದನ್ನು.

ಒಂದೇ ಪುಟವನ್ನು ಮೂರನೇ ಸಲ ಓದುವಾಗ ಕಣ್ಣು ಸರಸರ ಓಡುತ್ತದೆ, ಅಲ್ವಾ? ಎಲ್ಲೂ ತಡೆಯುವುದಿಲ್ಲ. ಆ ಸಲೀಸನ್ನೇ ನಾವು 'ಪಾಠ ಬಂತು' ಅಂದುಕೊಳ್ಳುತ್ತೇವೆ. ಹಾಳೆಯ ಪರಿಚಯ ಆಗಿದೆ, ಪಾಠ ಇನ್ನೂ ಹಾಳೆಯ ಮೇಲೇ ಇದೆ. ಓದಿನಲ್ಲಿ ಆಗುವ ಹೆಚ್ಚಿನ ತಪ್ಪುಗಳ ಬೇರು ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. 'ಗೊತ್ತಿದೆ ಅನ್ನಿಸುವುದು' ಮತ್ತು 'ಗೊತ್ತಿರುವುದು' ಎರಡೂ ಒಂದೇ ಅಂತ ನಂಬಿಬಿಡುತ್ತೇವೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪಿಗೆ ಐದೈದು ನಿಮಿಷದ ನಾಲ್ಕು ಸುತ್ತು. ನಾಲ್ಕರಲ್ಲೂ ಓದುವುದೇ ಕೆಲಸ. ಇನ್ನೊಂದು ಗುಂಪು ಒಂದೇ ಸುತ್ತು ಓದಿತು. ಆಮೇಲೆ ಪಾಠವನ್ನು ತೆಗೆದುಬಿಟ್ಟರು. ಉಳಿದ ಮೂರು ಸುತ್ತಿನಲ್ಲೂ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಬೇಕು. ಮೊದಲ ಗುಂಪಿನವರು ಪಾಠವನ್ನು ಸುಮಾರು 14 ಸಲ ಓದಿದಂತಾಯಿತು. ಎರಡನೆಯವರು ಮೂರು ನಾಲ್ಕು ಸಲ ಅಷ್ಟೇ.

ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಬರೀ ಓದಿದವರೇ ಮುಂದಿದ್ದರು. ಅವರು ಪಾಠದ ಶೇಕಡಾ 83ರಷ್ಟನ್ನು ಹೇಳಿದರು, ಇನ್ನೊಂದು ಗುಂಪು 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಪೂರ್ತಿ ತಿರುಗಿಹೋಯಿತು. ಬರೀ ಓದಿದವರಲ್ಲಿ ಉಳಿದದ್ದು 40. ನೆನಪಿಸಿಕೊಂಡು ಬರೆದವರಲ್ಲಿ 61.

ಈ ಪ್ರಯೋಗದಲ್ಲಿ ನನ್ನನ್ನು ತುಂಬಾ ಕಾಡಿದ ವಿಷಯ ಇನ್ನೊಂದಿದೆ. ಒಂದು ವಾರದ ಮೇಲೆ ನಿಮಗೆ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದ್ದರು. ಜಾಸ್ತಿ ನೆನಪಿರುತ್ತದೆ ಅಂದವರು ಬರೀ ಓದಿದ ಗುಂಪಿನವರು. ಅಂದರೆ ನಮಗೆ ಸಹಾಯ ಮಾಡುವ ವಿಧಾನ ಮಾಡುವಾಗ ಕಷ್ಟ ಅನ್ನಿಸುತ್ತದೆ, 'ನನಗೇನೂ ಬರಲ್ಲ' ಅನ್ನಿಸುತ್ತದೆ. ಕೈಕೊಡುವ ವಿಧಾನ ಹಿತವಾಗಿರುತ್ತದೆ. ಮಕ್ಕಳು ಹಿತವಾದದ್ದನ್ನೇ ಹಿಡಿದುಕೊಂಡರೆ ಅವರನ್ನು ಬೈದು ಏನು ಪ್ರಯೋಜನ? ಹಿಂದಿನ ರಾತ್ರಿ ಕೂತು ಓದಿದ್ದು ಮಾರನೇ ದಿನದ ಟೆಸ್ಟಿಗೆ ಅಷ್ಟೋ ಇಷ್ಟೋ ಬಂದೂ ಬರುತ್ತದೆ. ಅದೇ ಪಾಠ ಮಾರ್ಚ್ ತಿಂಗಳಲ್ಲಿ ಹೊಸದಾಗಿ ಕಾಣುವಾಗ, ಕಾರಣ ಇದು ಅಂತ ಯಾರಿಗೂ ಹೊಳೆಯುವುದಿಲ್ಲ.

ಹಾಗೆ ನೋಡಿದರೆ ಇದು ನಮಗೆ ಹೊಸದಲ್ಲ. ನಮ್ಮಲ್ಲಿ ಒಂದು ಒಳ್ಳೆಯ ಮಾತಿತ್ತು: ಪಾಠ ಒಪ್ಪಿಸುವುದು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಮುಂದೆ ಕೂತು ಮಗ್ಗಿ ಒಪ್ಪಿಸಬೇಕಿತ್ತು, ಪದ್ಯ ಒಪ್ಪಿಸಬೇಕಿತ್ತು. ಪುಸ್ತಕ ಅಜ್ಜಿಯ ಕೈಯಲ್ಲಿ, ಪಾಠ ನಮ್ಮ ಬಾಯಲ್ಲಿ. ಎಲ್ಲಿ ತಪ್ಪಿತೋ ಅಲ್ಲೇ ಅಜ್ಜಿ ತಡೆದು ಸರಿ ಮಾಡುತ್ತಿದ್ದರು. ಮುಂದೆ ಇದಕ್ಕೆ ಬೆತ್ತದ ಭಯ ಸೇರಿಕೊಂಡಿತು. ಅರ್ಥ ಗೊತ್ತಿಲ್ಲದೆ ಗಿಳಿಪಾಠ ಒಪ್ಪಿಸುವುದೂ ಸೇರಿಕೊಂಡಿತು. ಹಾಗಾಗಿ ಬಾಯಿಪಾಠ ಬೇಡ ಅಂತ ಹೇಳುವವರು ಒಪ್ಪಿಸುವುದನ್ನೂ ಅದರ ಜೊತೆಗೇ ಎಸೆದುಬಿಟ್ಟರು. ನನಗೆ ಅದು ನಿಜವಾದ ನಷ್ಟ ಅನ್ನಿಸುತ್ತದೆ. ಅರ್ಥ ಮಾಡಿಕೊಂಡದ್ದನ್ನೂ ಒಪ್ಪಿಸಬಹುದು. 'ಯಾಕೆ' ಅನ್ನುವುದನ್ನೂ ಒಪ್ಪಿಸಬಹುದು. ಥೇಲ್ಸ್ ಪ್ರಮೇಯದ ಸಾಲು ಸಾಲೂ ಹೇಳುವುದು ಮುಖ್ಯವಲ್ಲ. ಆ ಎರಡು ತ್ರಿಭುಜಗಳ ವಿಸ್ತೀರ್ಣ ಯಾಕೆ ಸಮ ಅಂತ ನಿಮ್ಮ ಮಾತಿನಲ್ಲೇ ಹೇಳಿದರೆ ಸಾಕು.

ಮಾಡುವುದು ಹೇಗೆ? ಒಂದು ಭಾಗ ಓದಿ. ಎರಡು ಮೂರು ಪುಟ ಸಾಕು, ಇಡೀ ಪಾಠ ಬೇಡ. ಪುಸ್ತಕ ಮುಚ್ಚಿ, ದೂರ ಇಡಿ. ರಫ್ ಹಾಳೆಯಲ್ಲಿ ನೆನಪಿಗೆ ಬಂದದ್ದೆಲ್ಲ ಬರೆಯಿರಿ. ಅಕ್ಷರ ಕೆಟ್ಟದಾಗಿದ್ದರೂ ಪರವಾಗಿಲ್ಲ, ಕ್ರಮ ತಪ್ಪಿದರೂ ಪರವಾಗಿಲ್ಲ. ಸಿಕ್ಕಿಬಿದ್ದ ತಕ್ಷಣ ಪುಸ್ತಕಕ್ಕೆ ಕೈ ಹಾಕಬೇಡಿ. ಒಂದೆರಡು ನಿಮಿಷ ಅಲ್ಲೇ ಒದ್ದಾಡಿ. ನೆನಪು ಗಟ್ಟಿಯಾಗುವುದು ಆ ಒದ್ದಾಟದಲ್ಲೇ. ಆಮೇಲೆ ಪುಸ್ತಕ ತೆಗೆದು, ಕೆಂಪು ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ, ತಪ್ಪಿದ್ದನ್ನು ತಿದ್ದಿ. ತಿದ್ದುವುದನ್ನು ಮಾತ್ರ ಬಿಡಬೇಡಿ. ತಪ್ಪನ್ನೇ ನಾಲ್ಕು ಸಲ ನೆನಪಿಸಿಕೊಂಡರೆ ತಪ್ಪೇ ಗಟ್ಟಿಯಾಗುತ್ತದೆ. ಆ ಕೆಂಪು ಅಕ್ಷರಗಳೇ ನಿಮ್ಮ ನಾಳೆಯ ಪಾಠ. ಮಿಕ್ಕದ್ದು ನಿಮಗೆ ಬಂದಿದೆ, ಅದಕ್ಕೆ ಮತ್ತೆ ಅಷ್ಟೇ ಹೊತ್ತು ಕೊಡಬೇಕಿಲ್ಲ.

ಹೈಲೈಟರ್ ಬಗ್ಗೆ ಒಂದು ಮಾತು. ಬಣ್ಣ ಬಳಿಯುವುದು ಪಾಪವೇನಲ್ಲ. ಮುಖ್ಯವಾದದ್ದು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳುವುದಕ್ಕೆ ಆಗುತ್ತದೆ. ಅದು ಕಲಿಕೆಯ ಶುರು, ಕೊನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲೊಸ್ಕಿ ಮತ್ತು ಜೊತೆಗಾರರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು, ಅವುಗಳ ಬಗ್ಗೆ ನಡೆದಿದ್ದ ಸಂಶೋಧನೆಗಳ ಸಮೇತ ತೂಗಿ ನೋಡಿದರು. ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದು, ಎರಡಕ್ಕೂ ಸಿಕ್ಕಿದ್ದು ಕಡಿಮೆ ದರ್ಜೆ. ಎರಡೇ ಎರಡು ವಿಧಾನಗಳಿಗೆ ಮೇಲಿನ ದರ್ಜೆ ಕೊಟ್ಟರು. ಒಂದು, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು. ಇನ್ನೊಂದು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು.

ಗೈಡ್ ನೋಡಿ ಅಂದವಾಗಿ ನೋಟ್ಸ್ ಇಳಿಸಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ಕೈ ನೋಯುತ್ತದೆ, ಪುಟ ತುಂಬುತ್ತದೆ, ತಲೆಗೆ ಕೆಲಸ ಇರುವುದಿಲ್ಲ. ಬಿಡಿಸಿದ ಲೆಕ್ಕವನ್ನು ಓದಿ 'ಹೌದು, ಅರ್ಥವಾಯಿತು' ಅಂತ ಪುಟ ತಿರುವುವುದೂ ಅಷ್ಟೇ. ಮಾದರಿ ಲೆಕ್ಕವನ್ನು ನೋಡಲೇಬೇಕು, ಆದರೆ ನೋಡಿದ ಮೇಲೆ ಮುಚ್ಚಿಟ್ಟು ಅದನ್ನೇ ಮತ್ತೆ ಬಿಡಿಸಬೇಕು.

ಇನ್ನು ಹಂಚಿಕೊಳ್ಳುವ ವಿಚಾರ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ವಿದ್ವಾಂಸ ಮರೆವನ್ನು ಅಳೆಯಲು ಹೊರಟ. ಬೇರೆಯವರನ್ನು ಕರೆಯದೆ ತನ್ನ ಮೇಲೇ ಪ್ರಯೋಗ ಮಾಡಿಕೊಂಡ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿ, ಬಾಯಿಪಾಠ ಮಾಡಿ, ಬೇರೆ ಬೇರೆ ಹೊತ್ತು ಬಿಟ್ಟು ಮತ್ತೆ ಕಲಿಯುತ್ತಿದ್ದ. ಎರಡನೇ ಸಲ ಕಲಿಯುವಾಗ ಮೊದಲಿಗಿಂತ ಎಷ್ಟು ಸಮಯ ಉಳಿತಾಯವಾಯಿತು ಅನ್ನುವುದೇ ಅವನ ಅಳತೆಗೋಲು. 1885ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. 20 ನಿಮಿಷ ಬಿಟ್ಟರೆ ಶೇಕಡಾ 58ರಷ್ಟು ಉಳಿತಾಯ. ಒಂದು ದಿನಕ್ಕೆ ಮೂರನೇ ಒಂದು ಪಾಲು. ಒಂದು ತಿಂಗಳಿಗೆ ಐದನೇ ಒಂದು ಪಾಲು. ಅರ್ಥವಿರುವ ಪಾಠ ಇಷ್ಟು ಬೇಗ ಮಾಸುವುದಿಲ್ಲ, ಹಾಗಾಗಿ ಈ ಅಂಕಿಗಳನ್ನು ನಿಮ್ಮ ವಿಜ್ಞಾನದ ಪಾಠಕ್ಕೆ ನೇರವಾಗಿ ಹಚ್ಚಬೇಡಿ. ಆದರೆ ಮರೆವಿನ ನಡಿಗೆ ಮಾತ್ರ ನಮ್ಮೆಲ್ಲರಲ್ಲೂ ಇದೇ. ಮೊದಲಿಗೆ ದಡದಡ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ನಡುವೆ ಒಂದು ಸಲ ನೆನಪಿಸಿಕೊಂಡರೆ ಮುಂದಿನ ಇಳಿತ ನಿಧಾನವಾಗುತ್ತದೆ.

ಹಾಗಾಗಿ ಭಾನುವಾರ ಒಂದೇ ದಿನ ಆರು ಗಂಟೆ ಇತಿಹಾಸ ಓದುವ ಬದಲು, ಅದೇ ಆರು ಗಂಟೆಯನ್ನು ಹರಡಿ. ಇವತ್ತು ಓದಿದ್ದನ್ನು ನಾಳೆ ಹತ್ತು ನಿಮಿಷ ಪುಸ್ತಕ ಮುಚ್ಚಿ ಬರೆಯಿರಿ. ಮೂರು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ವಾರ ಬಿಟ್ಟು, ಆಮೇಲೆ ಎರಡು ಮೂರು ವಾರ ಬಿಟ್ಟು. ಒಂದು ದಿನ ಆಚೀಚೆ ಆದರೆ ಏನೂ ಆಗುವುದಿಲ್ಲ. ಸ್ವಲ್ಪ ಮರೆತಿರಬೇಕು, ಪೂರ್ತಿ ಮರೆತಿರಬಾರದು. ಆ ಹೊತ್ತಿಗೆ ಹೋಗಿ ಎತ್ತಿ ತಂದರೆ ಲಾಭ ಜಾಸ್ತಿ.

ಇಲ್ಲೂ ನಮ್ಮ ಅನಿಸಿಕೆ ನಮಗೆ ಮೋಸ ಮಾಡುತ್ತದೆ. ಬ್ರಿಟನ್ನಿನ ಅಂಚೆ ಇಲಾಖೆ ತನ್ನ ನೌಕರರಿಗೆ ಟೈಪಿಂಗ್ ಕಲಿಸಬೇಕಾಗಿತ್ತು. ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಆ ನೌಕರರನ್ನು ನಾಲ್ಕು ಗುಂಪು ಮಾಡಿ ಕಲಿಸಿ ನೋಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೊಂದು ತುದಿಯ ಗುಂಪಿಗೆ ಎರಡೆರಡು ಗಂಟೆಯಂತೆ ದಿನಕ್ಕೆ ನಾಲ್ಕು. 1978ರಲ್ಲಿ ಅವರು ಬರೆದ ಪ್ರಕಾರ, ಒಟ್ಟು ಗಂಟೆಗಳ ಲೆಕ್ಕದಲ್ಲಿ ಬೇಗ ಕಲಿತವರು ದಿನಕ್ಕೆ ಒಂದೇ ಗಂಟೆ ಕೂತವರು. ಆದರೆ ತಮ್ಮ ತರಬೇತಿಯ ಬಗ್ಗೆ ತುಂಬಾ ಅಸಮಾಧಾನ ಇದ್ದದ್ದೂ ಅವರಿಗೇ. ಬೇರೆ ಗುಂಪಿನವರು ದಿನಗಳ ಲೆಕ್ಕದಲ್ಲಿ ಮುಂದೆ ಹೋಗುವುದು ಅವರ ಕಣ್ಣಿಗೆ ಕಾಣುತ್ತಿತ್ತು.

ಇನ್ನೊಂದು ತಪ್ಪು ಗಣಿತ, ವಿಜ್ಞಾನದಲ್ಲಿ ಜಾಸ್ತಿ. ಸಮಾಂತರ ಶ್ರೇಢಿಯ ಅಭ್ಯಾಸದಲ್ಲಿ ಇಪ್ಪತ್ತು ಲೆಕ್ಕ ಮಾಡುತ್ತೇವೆ. ಇಪ್ಪತ್ತೂ ಸರಿ. ಯಾಕೆ ಸರಿ ಬಂತು? ಪಾಠದ ಹೆಸರು ಪುಟದ ಮೇಲೇ ಇದೆ. ಯಾವ ಸೂತ್ರ ಹಾಕಬೇಕು ಅಂತ ಯೋಚಿಸುವ ಕೆಲಸವನ್ನು ಆ ಹೆಸರೇ ಮಾಡಿಬಿಟ್ಟಿದೆ. ಪ್ರಶ್ನೆಪತ್ರಿಕೆಯಲ್ಲಿ ಪಾಠದ ಹೆಸರು ಇರುವುದಿಲ್ಲ. ಕತೆಯಂತಿರುವ ಒಂದು ಪ್ರಶ್ನೆ ಓದಿ, ಇದು ಶ್ರೇಢಿಯೋ ವರ್ಗ ಸಮೀಕರಣವೋ ಅಂತ ನಾವೇ ಹೇಳಬೇಕು. ಎಷ್ಟೋ ಮಕ್ಕಳು ಎಡವುವುದು ಅಲ್ಲೇ. ಮನೆಗೆ ಬಂದು "ಸೂತ್ರ ಗೊತ್ತಿತ್ತು, ಹೊಳೀಲೇ ಇಲ್ಲ" ಅನ್ನುತ್ತಾರೆ. ಸುಳ್ಳಲ್ಲ. ಸೂತ್ರ ಆರಿಸುವ ಅಭ್ಯಾಸವೇ ಅವರಿಗೆ ಸಿಕ್ಕಿರುವುದಿಲ್ಲ.

ದರ್ಪಣದ ಸೂತ್ರ ಮತ್ತು ಮಸೂರದ ಸೂತ್ರ ನೋಡಿ. ನೋಡಲು ಅಣ್ಣತಮ್ಮಂದಿರ ಹಾಗೆ. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್. ಹತ್ತು ದರ್ಪಣದ ಲೆಕ್ಕ ಮುಗಿಸಿ ಆಮೇಲೆ ಹತ್ತು ಮಸೂರದ ಲೆಕ್ಕ ಮಾಡಿದರೆ ಈ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎರಡನ್ನೂ ಕಲಸಿ, ಒಂದಾದ ಮೇಲೆ ಒಂದು ಯಾವುದು ಬರುತ್ತದೋ ಗೊತ್ತಿಲ್ಲದ ಹಾಗೆ ಮಾಡಿದರೆ, ಪ್ರತಿ ಸಲವೂ 'ಇದು ದರ್ಪಣವೋ ಮಸೂರವೋ' ಅಂತ ಕೇಳಿಕೊಳ್ಳಲೇಬೇಕಾಗುತ್ತದೆ. ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ನಾಲ್ಕು ಬಗೆಯ ಘನಾಕೃತಿಗಳ ಘನಫಲದ ಲೆಕ್ಕಗಳಲ್ಲಿ ಇದನ್ನು ಪರೀಕ್ಷಿಸಿದರು. ಒಂದೊಂದು ಬಗೆಯನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇಕಡಾ 89 ಸರಿ ಮಾಡಿದರು. ಕಲಸಿ ಮಾಡಿದವರು 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲನೆಯವರು 20ಕ್ಕೆ ಇಳಿದರು. ಕಲಸಿ ಮಾಡಿದವರು 63ರಲ್ಲೇ ನಿಂತರು. ಹೊಸ ಪಾಠ ಕಲಿಯುವ ಮೊದಲ ದಿನ ಒಂದೇ ಬಗೆಯ ನಾಲ್ಕೈದು ಲೆಕ್ಕ ಮಾಡುವುದು ಒಳ್ಳೆಯದೇ. ಕೈ ಕೂತ ಮೇಲೆ ಹಳೆಯ ಪಾಠಗಳ ಲೆಕ್ಕಗಳನ್ನು ಜೊತೆಗೆ ಸೇರಿಸಿಕೊಳ್ಳಿ.

ಹಳೆಯ ಪ್ರಶ್ನೆಪತ್ರಿಕೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಮಕ್ಕಳು ಅವನ್ನೂ ಓದುತ್ತಾರೆ! ಪ್ರಶ್ನೆ ಓದಿ, ಪಕ್ಕದಲ್ಲಿರುವ ಉತ್ತರ ಓದಿ, ಮುಂದಕ್ಕೆ ಹೋಗುತ್ತಾರೆ. ಗಡಿಯಾರ ಇಟ್ಟುಕೊಂಡು, ಫೋನು ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಪತ್ರಿಕೆ ಬರೆಯಬೇಕು. ಬರೆದ ಮೇಲೆ ಕಳೆದುಕೊಂಡ ಅಂಕ ಒಂದೊಂದರ ಪಕ್ಕದಲ್ಲೂ ಕಾರಣ ಬರೆದುಕೊಳ್ಳಿ. ಪಾಠವೇ ಗೊತ್ತಿರಲಿಲ್ಲವೇ? ಗೊತ್ತಿದ್ದು ನೆನಪಾಗಲಿಲ್ಲವೇ? ಪ್ರಶ್ನೆಯನ್ನೇ ತಪ್ಪು ಓದಿದ್ದೆನೇ? ಮೂರಕ್ಕೂ ಮದ್ದು ಬೇರೆ ಬೇರೆ. 'ಇನ್ನೂ ಜಾಸ್ತಿ ಓದಬೇಕು' ಅಂತ ಎಲ್ಲದಕ್ಕೂ ಒಂದೇ ಮಾತ್ರೆ ನುಂಗಿದರೆ ಆಗುವುದಿಲ್ಲ.

ನಿದ್ದೆಯ ವಿಷಯ ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಮಲಗಿದಾಗ ಮಿದುಳು ಆ ದಿನ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೆಯೇ, ಕಲಿತು ಮಲಗಿದರೆ ಎಚ್ಚರ ಇದ್ದುದಕ್ಕಿಂತ ಕಡಿಮೆ ಮರೆಯುತ್ತದೆ ಅಂತ ಕಂಡಿದ್ದರು. ಆಮೇಲೆ ಇದನ್ನು ಬೇಕಾದಷ್ಟು ಸಲ ನೋಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯ ತನಕ ಕೂತರೆ, ಅಂದು ಓದಿದ್ದನ್ನು ಇಟ್ಟುಕೊಳ್ಳುವ ಹೊತ್ತನ್ನೇ ಕತ್ತರಿಸಿದಂತೆ. ಬೆಳಗಿನ ಜಾವ ಎದ್ದು ಓದುವವರು ಎದ್ದು ಓದಲಿ, ಬಹಳ ಒಳ್ಳೆಯದು. ಆದರೆ ಬೇಗ ಮಲಗಿರಬೇಕು.

'ನಾನು ನೋಡಿ ಕಲಿಯುವವಳು', 'ಅವನು ಕೇಳಿ ಕಲಿಯುವವನು' ಅಂತ ಮಕ್ಕಳನ್ನು ಭಾಗ ಮಾಡುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಚಿತ್ರ ಬೇಕಾದ ಪಾಠಕ್ಕೆ ಎಲ್ಲರಿಗೂ ಚಿತ್ರ ಬೇಕು. ಹೃದಯದ ರಚನೆಯನ್ನು ಬರೀ ಕಿವಿಯಲ್ಲಿ ಕೇಳಿ ಯಾರು ಕಲಿಯುತ್ತಾರೆ?

ಅಪ್ಪ ಅಮ್ಮಂದಿರಿಗೂ ಒಂದು ಮಾತು ಹೇಳಬೇಕು. "ಎಷ್ಟು ಗಂಟೆ ಓದಿದೆ?" ಅಂತ ಕೇಳಬೇಡಿ. ಗಂಟೆ ಕೇಳಿದರೆ ಮಕ್ಕಳು ಗಂಟೆ ತುಂಬಿಸುತ್ತಾರೆ. "ಇವತ್ತು ಓದಿದ್ದರಲ್ಲಿ ಒಂದು ವಿಷಯ ನಂಗೆ ಹೇಳು" ಅಂತ ಕೇಳಿ. ನಿಮಗೆ ಆ ಪಾಠ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, "ಅದು ಯಾಕೆ ಹಾಗೆ?" ಅಂತ ನಿಜವಾಗಿಯೂ ಕೇಳುತ್ತೀರಿ. ನಮ್ಮ ಅಕ್ಕ ಓದಿದ್ದು ಏಳನೇ ಕ್ಲಾಸು. ಅವಳು ರೊಟ್ಟಿ ತಟ್ಟುತ್ತಾ ಕೂತಿರುತ್ತಾಳೆ, ಮಗಳು ಪಕ್ಕದಲ್ಲಿ ನಿಂತು ಎಲೆಯೊಳಗೆ ಆಹಾರ ಹೇಗೆ ತಯಾರಾಗುತ್ತದೆ ಅಂತ ಹೇಳುತ್ತಾಳೆ. "ಹಂಗಾದ್ರೆ ರಾತ್ರಿ ಗಿಡ ಏನ್ ಮಾಡುತ್ತೆ?" ಅಂತ ಅಕ್ಕ ಕೇಳಿದಾಗ ಮಗಳು ಒಳಗೆ ಓಡಿ ಪುಸ್ತಕ ತಂದಿದ್ದಳಂತೆ. ಯಾವ ಟ್ಯೂಷನ್ನಿನಲ್ಲೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಾರರು.

ಪ್ರಿಪರೇಟರಿ ಮುಗಿದ ಮುಂದಿನ ಭಾನುವಾರ ಅವಳು ಮತ್ತೆ ಬಂದಳು. ನಾನು ಹೇಳುವ ಮೊದಲೇ ಖಾಲಿ ಹಾಳೆ ತೆಗೆದುಕೊಂಡು, ಅದೇ ಪ್ರಮೇಯ ಬರೆಯಲು ಕೂತಳು. ಅದೇ ಜಾಗಕ್ಕೆ ಬಂದು ಅದೇ ಥರ ಪೆನ್ನು ನಿಂತಿತು. ಪುಸ್ತಕ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಪೆನ್ಸಿಲ್ ತೆಗೆದು ಎರಡು ತ್ರಿಭುಜಗಳಿಗೂ ಬೇರೆ ಬೇರೆ ಕಡೆ ಓರೆ ಗೆರೆ ಎಳೆದಳು. ನಡುವೆ ಎರಡೂ ಒಂದರ ಮೇಲೊಂದು ಬಂದವು. ಸುಮಾರು ಹೊತ್ತು ಸುಮ್ನೆ ನೋಡಿದಳು. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿದಳು.

ಈಗ ಡಿಇ ಕೆಳಗೆ ಬಂತು. ಬಿ ಮತ್ತು ಸಿ ಮೇಲೆ, ಒಂದೇ ಎತ್ತರದಲ್ಲಿ.

"ಪಾದ ಅಂದ್ರೆ ಕೆಳಗೇ ಇರ್ಬೇಕು ಅಂದ್ಕೊಂಡಿದ್ದೆ ಚಿಕ್ಕಮ್ಮ" ಅಂದಳು. "ಇದು ಮೇಲಿತ್ತು, ಅದಕ್ಕೇ ಕಾಣ್ತಿರ್ಲಿಲ್ಲ."